ಓಂಕಾರಮೂರ್ತಿಯವರ ನಿದ್ರಾವಿಜಯ

ಮನುಷ್ಯ ನಿದ್ದೆ ಮಾಡುತ್ತಾನೆ ಎಂಬ ಒಂದೇ ಕಾರಣಕ್ಕೆ ಓಂಕಾರಮೂರ್ತಿಯವರಿಗೆ ಇಡೀ ಮನುಷ್ಯಕುಲದ ಮೇಲೆ ತಾತ್ಸಾರವಿತ್ತು. ಕಳ್ಳನನ್ನಾದರೂ ಅವರು ಕ್ಷಮಿಸಿಯಾರು (ಅವನು ರಾತ್ರಿಯಿಡೀ ಎದ್ದಿರುತ್ತಾನಲ್ಲ!), ಆದರೆ ಬೆಳಿಗ್ಗೆ ಏಳೂವರೆಗೆ ಆಕಳಿಸುತ್ತ ಅಂಗಡಿಗೆ ಬಂದು ಕಾಲು ಕೆಜಿ ಕಾಫಿಪುಡಿ ಕೇಳುವವನನ್ನು ಕ್ಷಮಿಸುವುದು ಅವರಿಂದಾಗದು.

"ಏನು, ಈಗ ಎದ್ರಾ?" ಎನ್ನುವರು, ಪುಡಿ ತೂಗುತ್ತ. "ನಾನಾಗ್ಲೇ ಎರಡು ಡ್ರಮ್ ಬೀಜ ಹುರಿದು ಮುಗಿಸ್ದೆ. ನಂಗೆ ದಿನಕ್ಕೆ ನಾಲ್ಕೇ ಗಂಟೆ ನಿದ್ದೆ. ಅದೂ ಸುಮ್ನೆ ರೂಢಿಗೆ."

ಮೂಡಿಗೆರೆ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಅವರ ಕಾಫಿಪುಡಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಶುದ್ಧ' ಎಂದು ಬರೆಸಿದ್ದರು. ನಿದ್ದೆಯ ವಿಷಯ ಬಿಟ್ಟರೆ ಅವರು ಕೊಚ್ಚಿಕೊಳ್ಳುತ್ತಿದ್ದುದು ಇನ್ನೊಂದೇ, ತಮ್ಮ ನೆನಪಿನ ಶಕ್ತಿ. ನೂರನಲವತ್ತು ಮನೆಗಳಿಗೆ ಪುಡಿ ಕೊಡುತ್ತಿದ್ದರು, ಒಂದೊಂದು ಮನೆಗೂ ಕಾಫಿಗೆ ಬೆರೆಸುವ ಚಿಕೋರಿಯ ಅಳತೆ ಬೇರೆ. ಯಾವುದನ್ನೂ ಬರೆದಿಡುತ್ತಿರಲಿಲ್ಲ, ಚೀಲಕ್ಕೆ ಚೀಟಿ ಅಂಟಿಸುತ್ತಿರಲಿಲ್ಲ. ಗುಡ್ಡದ ಮೇಲಿನ ಶಿವಗಂಗಮ್ಮನವರ ಮನೆಯ ಆಳು ಬಾಗಿಲಲ್ಲಿ ಕಂಡರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ಓಂಕಾರಮೂರ್ತಿಯವರು ಗರ್ಜಿಸುವರು: "ನೂರಕ್ಕೆ ಹದಿನೆಂಟು! ಚೀಟಿ ಬರೆಯೋದು ತಲೆ ಇಲ್ದೋರ ಕೆಲಸ."

ಇಂಥ ಮಹಾಪುರುಷರ ಮನೆಯಲ್ಲಿಯೇ, ಅವರ ತಲೆಯ ಮೇಲೆಯೇ, ಪ್ರತಿದಿನ ಮಧ್ಯಾಹ್ನ ಎರಡರಿಂದ ಮೂರರವರೆಗೆ ಒಬ್ಬರು ನಿದ್ದೆ ಮಾಡುತ್ತಿದ್ದರು. ಅವರ ಧರ್ಮಪತ್ನಿ ನಾಗಶ್ರೀ.

ನಾಗಶ್ರೀ ಐದು ಗಂಟೆಗೆ ಎದ್ದು ರೊಟ್ಟಿ ತಟ್ಟಿ, ಮನೆ ಕೆಲಸ ಮುಗಿಸಿ, ಹತ್ತಕ್ಕೆ ಅಂಗಡಿಗಿಳಿದು ಒಂದರವರೆಗೆ ಪೊಟ್ಟಣ ಕಟ್ಟಿ, ಮತ್ತೆ ಮೇಲೆ ಹೋಗಿ ಬಡಿಸಿ, ಪಾತ್ರೆ ತೊಳೆದು, ಕೊನೆಗೆ ಕಂಬಳಿ ಹೊದ್ದು ಮಲಗುವ ಆ ಒಂದು ಗಂಟೆಯನ್ನು ತನ್ನ ಸ್ವಂತ ಆಸ್ತಿಯೆಂದು ತಿಳಿದಿದ್ದಳು. ಆ ಆಸ್ತಿಯ ಮೇಲೆ ಗಂಡನ ದಂಡಯಾತ್ರೆ ತಪ್ಪುತ್ತಿರಲಿಲ್ಲ. ಎರಡೂಕಾಲಾಯಿತೆಂದರೆ ಮೆಟ್ಟಿಲ ಮೇಲೆ ದಡಬಡ ಸದ್ದು.

"ಏಯ್, ದಾರದ ಉಂಡೆ ಎಲ್ಲಿ?"

"ಕಿಟಕಿ ಹತ್ರ."

"ಯಾವ ಕಿಟಕಿ?"

"ಅಂಗಡೀಲಿ ಇರೋದೊಂದೇ ಕಿಟಕಿ, ರೀ."

ದಾರದ ಉಂಡೆ ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿಯ ಹತ್ತಿರವೇ ಇತ್ತು. ಅದು ಓಂಕಾರಮೂರ್ತಿಯವರಿಗೂ ಗೊತ್ತಿತ್ತು.

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ರಕ್ಷಾ ದಸರಾ ರಜೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಈ ದಾರದ ವಿಚಾರಣೆ ನಡೆಯುವಾಗ ಅವಳು ಪುಸ್ತಕ ಮಡಚಿಟ್ಟು ಎದ್ದು ಬಂದಳು.

"ಅಪ್ಪಾ, ಅಮ್ಮ ಸುಮ್ನೆ ಬಿದ್ಕೊಂಡಿಲ್ಲ. ಅವಳ ಮಿದುಳು ಈಗ ಕೆಲಸದಲ್ಲಿದೆ."

"ಗೊರಕೆ ಹೊಡೆಯೋದೂ ಒಂದು ಕೆಲಸವೇನೇ?"

"ಹಗಲೆಲ್ಲ ದುಡಿದ ಮಿದುಳಲ್ಲಿ ಕಸ ಸೇರಿರುತ್ತೆ. ಗಾಢ ನಿದ್ದೇಲಿ ಜೀವಕೋಶಗಳ ಸಂದಿಯಲ್ಲಿ ನೀರಿನಂಥದ್ದು ಹರಿದು ಅದನ್ನ ತೊಳ್ಕೊಂಡು ಹೋಗುತ್ತೆ. ತೋಟದಲ್ಲಿ ಕಾಫಿಹಣ್ಣಿನ ಸಿಪ್ಪೆ ಬಿಡಿಸಿದ್ಮೇಲೆ ಬೀಜಕ್ಕೆ ಅಂಟಿದ ಲೋಳೆ ತೊಳೆಯಲ್ವಾ, ಹಾಗೆ."

"ನನ್ನ ಮಿದುಳಲ್ಲಿ ಕಸ ಇಲ್ಲ."

"ಇದೆಯೋ ಇಲ್ವೋ ಹೇಳ್ಬೇಕಾದ್ದೂ ಅದೇ ಮಿದುಳು ಅಲ್ವಾ ಅಪ್ಪಾ?"

ಓಂಕಾರಮೂರ್ತಿಯವರು ಹುಬ್ಬು ಗಂಟಿಕ್ಕಿದರು. ರಕ್ಷಾ ನಿಲ್ಲಿಸಲಿಲ್ಲ (ಇಪ್ಪತ್ತೈದು ವರ್ಷದಲ್ಲಿ ಒಮ್ಮೆ ಸಿಕ್ಕ ಅವಕಾಶವನ್ನು ಯಾರು ಬಿಡುತ್ತಾರೆ?). ನಿದ್ದೆಯಲ್ಲಿ ಎದೆಬಡಿತ ನಿಧಾನವಾಗುತ್ತದೆ, ಮೈ ಒಂದಿಷ್ಟು ತಣ್ಣಗಾಗುತ್ತದೆ, ಸವೆದ ಸ್ನಾಯುಗಳು ರಿಪೇರಿಯಾಗುತ್ತವೆ ಎಂದಳು. ಹಗಲು ಕಂಡದ್ದು ಕೇಳಿದ್ದನ್ನೆಲ್ಲ ಮಿದುಳು ಬಿಡಿಸಿ, ಬೇಕಾದ್ದನ್ನು ನೆನಪಿಗೆ ಸೇರಿಸಿ, ಬೇಡದ್ದನ್ನು ಎಸೆಯುವುದು ನಿದ್ದೆಯ ಹೊತ್ತಿನಲ್ಲೇ ಎಂದಳು.

"ಕನಸು ಬೀಳೋವಾಗ ಕಣ್ಣುಗುಡ್ಡೆ ಮಾತ್ರ ಓಡಾಡುತ್ತೆ, ಕೈಕಾಲಿನ ಶಕ್ತಿನೆಲ್ಲ ಮಿದುಳೇ ತಡೆದಿಟ್ಟಿರುತ್ತೆ. ಇಲ್ಲಾಂದ್ರೆ ಕನಸಲ್ಲಿ ಓಡೋರು ಮಂಚದಿಂದ ಎದ್ದು ಓಡಿಬಿಡ್ತಿದ್ರು."

"ಓಡ್ತಿರಲಿಲ್ಲ," ಎಂದಿತು ಕಂಬಳಿಯೊಳಗಿನ ದನಿ. "ಮೊದಲು ದಾರದ ಉಂಡೆ ಕೇಳೋರಿಗೆ ನಾಲ್ಕು ಬಿಡ್ತಿದ್ದೆ."

"ನೋಡೇ, ನಂಗೆ ಇದೆಲ್ಲ ಬೇಡ," ಎಂದರು ಓಂಕಾರಮೂರ್ತಿಯವರು. "ದಿನಕ್ಕೆ ಎಂಟು ಲೋಟ ಕಾಫಿ ಕುಡೀತೀನಿ. ನಿದ್ದೆ ಹತ್ರ ಸುಳಿಯಲ್ಲ."

"ಕಾಫಿ ನಿದ್ದೆನ ಓಡ್ಸಲ್ಲ ಅಪ್ಪಾ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಲ್ಲಿ ನಿದ್ದೆ ತರೋ ಒಂದು ಪದಾರ್ಥ ಸೇರ್ತಾ ಹೋಗುತ್ತೆ. ಕಾಫಿ ಹೋಗಿ ಅದರ ಜಾಗದಲ್ಲಿ ಕೂತ್ಕೊಳ್ಳುತ್ತೆ, ಅಷ್ಟೆ. ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿದ ಹಾಗೆ. ಟವಲ್ ತೆಗೆದ ತಕ್ಷಣ ಕಾಯ್ತಾ ನಿಂತೋರೆಲ್ಲ ಒಟ್ಟಿಗೆ ಬಂದು ಬೀಳ್ತಾರೆ."

ಓಂಕಾರಮೂರ್ತಿಯವರ ಮುಖ ಕೆಂಪಾಯಿತು. "ಅಂದ್ರೆ ಮೂವತ್ತು ವರ್ಷದಿಂದ ಈ ಊರಿಗೆ ನಾನು ಮಾರಿದ್ದು ಟವಲ್ಲಾ?"

ಮಾತಿಗೆ ಮಾತು ಬೆಳೆದು ಪಂಥಕ್ಕೆ ಬಂತು. ಇಂದಿನಿಂದ ಎಂಟು ದಿನ ಅವರು ದಿನಕ್ಕೆ ಬರೇ ನಾಲ್ಕು ಗಂಟೆ ಮಲಗಬೇಕು. ಎಂಟು ದಿನದಲ್ಲಿ ಅಂಗಡಿಯ ಕೆಲಸದಲ್ಲಿ ಒಂದೇ ಒಂದು ತಪ್ಪೂ ಆಗದಿದ್ದರೆ ನಾಗಶ್ರೀ ಮಧ್ಯಾಹ್ನದ ನಿದ್ದೆ ಬಿಟ್ಟು ಎರಡು ಗಂಟೆಗೆ ಅಂಗಡಿಗೆ ಬಂದು ಕೂರಬೇಕು, ಜೀವನಪರ್ಯಂತ. ತಪ್ಪಾದರೆ ಓಂಕಾರಮೂರ್ತಿಯವರು ದಿನಾ ಎರಡಕ್ಕೆ ಶಟರ್ ಎಳೆದು, ಮೇಲೆ ಬಂದು, ಹೆಂಡತಿಯ ಪಕ್ಕದ ಮಂಚದಲ್ಲಿ ಒಂದು ಗಂಟೆ ಮಲಗಬೇಕು, ಅದೂ ಜೀವನಪರ್ಯಂತ.

"ಊರಿನೋರು ನೋಡಲಿ, ಮೂರ್ತಿಯವರು ಮಲಗಿದಾರೆ ಅಂತ," ಎಂದಳು ನಾಗಶ್ರೀ, ಎದ್ದು ಕೂತು. ಇಪ್ಪತ್ತಾರು ವರ್ಷದ ಸಿಟ್ಟು ಆ ಮಾತಿನಲ್ಲಿತ್ತು.

ಓಂಕಾರಮೂರ್ತಿಯವರು ನಕ್ಕುಬಿಟ್ಟರು. ತಮಗೆ ಮಾಮೂಲಾದದ್ದನ್ನೇ ಎಂಟು ದಿನ ಮಾಡಿ ತೋರಿಸುವುದೂ ಒಂದು ಪಂಥವೇ?

ಆದರೆ ಅವರು ಒಂದನ್ನು ಮರೆತಿದ್ದರು. ಅವರ ನಾಲ್ಕು ಗಂಟೆಯ ಲೆಕ್ಕದಲ್ಲಿ ರಾತ್ರಿ ಟೀವಿಯ ಮುಂದೆ ಬಾಯಿ ತೆರೆದು ಕೂರುವ ಒಂದೂವರೆ ಗಂಟೆ ಸೇರಿರಲಿಲ್ಲ. ಊಟವಾದ ಮೇಲೆ ಅಂಗಡಿಯ ಕುರ್ಚಿಯಲ್ಲಿ 'ಕಣ್ಣಿಗೆ ವಿಶ್ರಾಂತಿ' ಕೊಡುವ ಮುಕ್ಕಾಲು ಗಂಟೆ ಸೇರಿರಲಿಲ್ಲ. ಸಂಜೆ ಆರರ ಸುಮಾರಿಗೆ ಮೂಟೆಗೆ ಒರಗಿ 'ಯೋಚನೆ' ಮಾಡುವುದಂತೂ ಲೆಕ್ಕದಲ್ಲೇ ಇರಲಿಲ್ಲ. ಈಗ ರಕ್ಷಾ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಳು. ಅವರ ರೆಪ್ಪೆ ಅಂಟಿದ ಕೂಡಲೇ "ಅಪ್ಪಾ!" ಎನ್ನುವಳು. ಹೀಗಾಗಿ ಐವತ್ತೈದು ವರ್ಷದ ಬಾಳಿನಲ್ಲಿ ಮೊಟ್ಟಮೊದಲ ಬಾರಿಗೆ ಓಂಕಾರಮೂರ್ತಿಯವರು ನಿಜವಾಗಿಯೂ ನಾಲ್ಕೇ ಗಂಟೆ ಮಲಗುವಂತಾಯಿತು.

ಮೊದಲೆರಡು ದಿನ ಹುಮ್ಮಸ್ಸಿನಲ್ಲಿ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಪೂಜೆಗೆ ಕೂತವರು ಐವತ್ತು ನಿಮಿಷ ಏಳಲಿಲ್ಲ. "ನಿಮ್ಮಪ್ಪಂಗೆ ಭಕ್ತಿ ಹೆಚ್ಚಾಗಿದೆ, ಹೋಗಿ ಅಲ್ಲಾಡ್ಸು," ಎಂದಳು ನಾಗಶ್ರೀ. ನಾಲ್ಕನೆಯ ದಿನ ಫಿಲ್ಟರಿಗೆ ಪುಡಿಯನ್ನೇ ಹಾಕದೆ ಬಿಸಿನೀರು ಸುರಿದು, ಇಳಿದದ್ದು ಬೆಳ್ಳಗಿದೆಯೆಂದು ಫಿಲ್ಟರ್ ಮಾಡಿದ ಕಂಪನಿಗೆ ಶಾಪ ಹಾಕಿದರು. (ಇದು ಅಡುಗೆಮನೆಯಲ್ಲಿ ನಡೆದದ್ದು, ಅಂಗಡಿಯ ತಪ್ಪಲ್ಲ ಎಂದು ವಾದಿಸಿ ಗೆದ್ದರು.) ಐದನೆಯ ದಿನ ದೇವರಮನೆ ಬೆಟ್ಟದ ಕಡೆಯ ಗಿರಾಕಿಯೊಬ್ಬರು ಎರಡು ಸಲ ಕೇಳಿದರೂ ತಕ್ಕಡಿ ಹಿಡಿದು ಸುಮ್ಮನೆ ನಿಂತೇ ಇದ್ದರು, ಕಣ್ಣು ಅಗಲವಾಗಿ ತೆರೆದೇ ಇತ್ತು.

"ಅಪ್ಪಾ, ಈಗ ನಿಮ್ಮ ಮಿದುಳು ಕಣ್ಣು ಬಿಟ್ಕೊಂಡೇ ಐದಾರು ಸೆಕೆಂಡ್ ಮಲಗಿತ್ತು."

"ಯೋಚನೆ ಮಾಡ್ತಿದ್ದೆ ಕಣೇ."

"ಏನು ಯೋಚನೆ?"

"ಅದು... ಮರೆತು ಹೋಯ್ತು."

ಏಳನೆಯ ದಿನದ ಹೊತ್ತಿಗೆ ಅವರು ಗಿರಾಕಿಗಳ ಮೇಲೆ, ತಕ್ಕಡಿಯ ಮೇಲೆ, ಎದುರಿಗೆ ಹಾದುಹೋಗುವ ಜೀಪುಗಳ ಮೇಲೆ ರೇಗತೊಡಗಿದ್ದರು. ಆದರೂ ಅಂಗಡಿಯಲ್ಲಿ ತಪ್ಪೆಂಬುದು ಆಗಿರಲಿಲ್ಲ. ನಾಗಶ್ರೀಗೆ ಒಳಗೊಳಗೇ ಅಳುಕು ಶುರುವಾಯಿತು. ಮಧ್ಯಾಹ್ನ ಮಲಗಿದರೂ ಕಂಬಳಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮಲಗುತ್ತಿದ್ದಳು.

ಎಂಟನೆಯ ದಿನ ಭಾನುವಾರ. ಅಂದೇ ಬೆಳೆಗಾರರ ಸಂಘದ ವಾರ್ಷಿಕ ಸಭೆ. ಹನ್ನೊಂದು ವರ್ಷ ಅಲೆದ ಮೇಲೆ ಆ ಸಭೆಗೆ ಕಾಫಿಪುಡಿ ಕೊಡುವ ಭಾಗ್ಯ ಓಂಕಾರಮೂರ್ತಿಯವರಿಗೆ ಒದಗಿತ್ತು. ಸಂಘದ ಅಧ್ಯಕ್ಷ ಸುರೇಂದ್ರ ಅವರು ಮಲ್ಲಂದೂರಿನ ಕಡೆಯ ತಮ್ಮ ಸ್ವಂತ ಎಸ್ಟೇಟಿನ ಅರೇಬಿಕಾ ಬೀಜವನ್ನೇ ಕಳುಹಿಸಿ ತಾಕೀತು ಮಾಡಿದ್ದರು: "ಪ್ಯೂರ್ ಇರಬೇಕು ಮೂರ್ತಿಗಳೇ. ಚಿಕೋರಿ ಅನ್ನೋ ಹೆಸರು ಕೂಡ ನಮ್ಮ ಸಭೆ ಹತ್ರ ಸುಳೀಬಾರ್ದು. ಬೆಳೆಗಾರರ ಮರ್ಯಾದೆ ಪ್ರಶ್ನೆ." ಅದೇ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನ ಲಕ್ಕಯ್ಯನಿಗೂ ಅವನ ಮಾಮೂಲು ಪುಡಿ ಹೋಗಬೇಕಿತ್ತು. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಚಿಕೋರಿ. ಎರಡೂ ಐದೈದು ಕೆಜಿ, ಎರಡೂ ಒಂದೇ ಬಣ್ಣದ ಚೀಲ, ಎರಡಕ್ಕೂ ಚೀಟಿಯಿಲ್ಲ.

"ಒಂದು ಗುರುತಾದ್ರೂ ಹಾಕಿ," ಎಂದಿದ್ದಳು ನಾಗಶ್ರೀ ಹಿಂದಿನ ಸಂಜೆ.

"ತಲೆ ಇಲ್ದೋರಿಗೆ ಹೇಳು ಅದನ್ನ," ಎಂದಿದ್ದರು ಅವರು, ಗೋಡೆಗೆ ಕೈಯೂರಿಕೊಂಡು.

ಸಭೆ ಭರ್ಜರಿಯಾಗಿ ನಡೆಯಿತು. ಹನ್ನೊಂದಕ್ಕೆ ಕಾಫಿ ಬಂತು. ಸುರೇಂದ್ರ ಅವರು ಮೊದಲ ಗುಟುಕನ್ನು ಬಾಯಲ್ಲಿ ತಿರುಗಿಸಿ, ಕಣ್ಣು ಮುಚ್ಚಿ, ಇಡೀ ಸಭೆ ಉಸಿರು ಬಿಗಿಹಿಡಿದು ಕಾಯುವಷ್ಟು ಹೊತ್ತು ಸುಮ್ಮನಿದ್ದು, ಕಣ್ಣು ತೆರೆದರು.

"ಆಹಾ! ಇದು ಕಾಫಿ! ಏನು ಬಣ್ಣ, ಏನು ದಪ್ಪ! ಇದೇ ನೋಡ್ರಿ ನಾಲ್ಕು ಸಾವಿರ ಅಡಿ ಎತ್ತರದ ಮಣ್ಣಿನ ಗುಣ. ತೋಟದ ಸಿಲ್ವರ್ ಓಕ್ ಮರಗಳ ನೆರಳಿನ ತಂಪು ನಾಲಿಗೇಲಿ ಗೊತ್ತಾಗುತ್ತೆ."

ಅಧ್ಯಕ್ಷರಿಗೆ ಗೊತ್ತಾದ ಮೇಲೆ ಸದಸ್ಯರಿಗೂ ಗೊತ್ತಾಗಲೇಬೇಕಲ್ಲ. ಒಬ್ಬರಿಗೆ ಕಿತ್ತಳೆಯ ಘಮ ಬಂತು, ಇನ್ನೊಬ್ಬರಿಗೆ ಏಲಕ್ಕಿಯದು. ಮೂರು ತಲೆಮಾರಿನಿಂದ ಕಾಫಿ ಬೆಳೆದ ನಾಲಿಗೆಗಳೆಲ್ಲ ಒಂದೊಂದು ಮಾತು ಸೇರಿಸಿದವು. ಓಂಕಾರಮೂರ್ತಿಯವರೂ ಒಂದು ಲೋಟ ಕುಡಿದು, ತಜ್ಞರಂತೆ ತಲೆಯಾಡಿಸಿ, "ಬೀಜದ ಗುಣ ಸರ್, ನಂದೇನಿಲ್ಲ," ಎಂದು ವಿನಯ ತೋರಿದರು. ಅಲ್ಲಿಯೇ ಅವರಿಗೆ ಶಾಲು ಹೊದಿಸಿದರು. ಸಂಘದ ಮೂವತ್ತೆರಡು ಮನೆಗಳವರು ಇನ್ನು ಮುಂದೆ ತಮಗೂ ಇದೇ ಪುಡಿಯೇ ಬೇಕೆಂದು ಕೈಯೆತ್ತಿದರು.

ಎರಡು ಗಂಟೆಗೆ ಸರಿಯಾಗಿ ಓಂಕಾರಮೂರ್ತಿಯವರು ಶಾಲು ಹೊದ್ದೇ ಮೆಟ್ಟಿಲು ಹತ್ತಿದರು. ನಾಗಶ್ರೀ ಆಗತಾನೆ ದಿಂಬಿಗೆ ತಲೆ ಕೊಟ್ಟಿದ್ದಳು.

"ಏಳೇ ಮಾರಾಯ್ತಿ, ಆಟ ಮುಗೀತು. ಎಂಟು ದಿನ, ನಾಲ್ಕೇ ಗಂಟೆ! ಒಂದೇ ಒಂದು ತಪ್ಪಿಲ್ಲ. ನನ್ನ ಜನ್ಮದಲ್ಲೇ ಇಂಥ ಕಾಫಿ ಮಾಡಿಲ್ಲ ನಾನು. ಅಧ್ಯಕ್ಷರಿಗೆ ಸಿಲ್ವರ್ ಓಕ್ ನೆರಳಿನ ತಂಪೇ ನಾಲಿಗೇಲಿ ಗೊತ್ತಾಯ್ತಂತೆ! ಎಲ್ಲಿ ನಿನ್ನ ಮಗಳು? ಮಿದುಳು ತೊಳೆಯೋಳನ್ನ ಕರಿ." ರಕ್ಷಾ ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು.

ನಾಗಶ್ರೀ ಮೆಲ್ಲಗೆ ಎದ್ದು ಕೂತಳು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಮೇಲಿಟ್ಟಳು. ಕಣ್ಣಲ್ಲಿ ನೀರಿತ್ತು. "ಆಯ್ತು, ನಾಳೆಯಿಂದ ಕೂರ್ತೀನಿ," ಎಂದಳು. ಓಂಕಾರಮೂರ್ತಿಯವರು ಕಂಬಳಿಯನ್ನು ಮತ್ತೆ ಬಿಡಿಸಿ ಕೊಡಲು ಕೈ ಚಾಚಿದರು. ಆದರೆ ಗೆದ್ದವನು ಕರಗಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡರು.

ಆಗ ಕೆಳಗಿನಿಂದ ಕೂಗು ಕೇಳಿತು.

"ಸಾವ್ಕಾರ್ರೇ! ಓ ಸಾವ್ಕಾರ್ರೇ!"

ಲಕ್ಕಯ್ಯ ಕಂಕುಳಲ್ಲಿ ಚೀಲ ಇರುಕಿಕೊಂಡು ನಿಂತಿದ್ದ. ಮೂವರೂ ಇಳಿದು ಬಂದರು.

"ಇದೆಂಥ ಪುಡಿ ಕೊಟ್ರಿ ಮಾರಾಯ್ರೇ? ಬಣ್ಣ ಇಲ್ಲ, ದಪ್ಪ ಇಲ್ಲ. ಜೀಪಿನ ಡ್ರೈವರ್‌ಗಳೆಲ್ಲ ಅರ್ಧ ಲೋಟ ಅಲ್ಲೇ ಬಿಟ್ಟು ಎದ್ದು ಹೋದ್ರು. ಒಬ್ಬ ಅಂತೂ, 'ಲಕ್ಕಯ್ಯ, ಇದು ಕಾಫಿನಾ ಲೋಟ ತೊಳ್ದ ನೀರಾ' ಅಂತ ಕೇಳ್ದ. ಹದಿನೈದು ವರ್ಷದಲ್ಲಿ ಯಾರೂ ಹಂಗೆ ಕೇಳಿರ್ಲಿಲ್ಲ ನನ್ನ."

"ನನ್ನ ಪುಡಿಗೆ ಹೆಸರಿಡ್ತೀಯಾ?" ಎಂದು ಓಂಕಾರಮೂರ್ತಿಯವರು ಶಾಲು ಸರಿಪಡಿಸಿಕೊಂಡರು. "ಇವತ್ತು ಬೆಳೆಗಾರರ ಸಂಘದಲ್ಲಿ..."

ನಾಗಶ್ರೀ ಚೀಲದ ಬಾಯಿ ಬಿಚ್ಚಿ ಮೂಸಿದಳು. ಆಮೇಲೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತಂದು, ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಚಿಟಿಕೆ ಪುಡಿ ಉದುರಿಸಿದಳು. ಚಿಕೋರಿ ನೀರಿಗೆ ಬಿದ್ದರೆ ಕಂದು ಗೆರೆ ಬಿಡುತ್ತ ಕೆಳಗಿಳಿಯುತ್ತದೆ, ಕಾಫಿ ತೇಲುತ್ತದೆ. ಗಿರಾಕಿಗಳಿಗೆ ಈ ಪರೀಕ್ಷೆಯನ್ನು ಮಾಡಿ ತೋರಿಸಿ ತೋರಿಸಿ ಹೆಸರು ಮಾಡಿದವರು ಸ್ವತಃ ಓಂಕಾರಮೂರ್ತಿಯವರು.

ನಾಲ್ವರೂ ಬಗ್ಗಿ ನೋಡಿದರು. ಪುಡಿಯೆಲ್ಲ ನೀರಿನ ಮೇಲೆ ಹಾಯಾಗಿ ತೇಲುತ್ತಿತ್ತು. ಒಂದು ಕಣವೂ ಕೆಳಗಿಳಿಯಲಿಲ್ಲ.

"ಪ್ಯೂರ್," ಎಂದಳು ನಾಗಶ್ರೀ.

"ಹಾಗಾದ್ರೆ ಅಪ್ಪಾ," ಎಂದಳು ರಕ್ಷಾ, ಬಹಳ ಮೃದುವಾಗಿ, "ಆ ಸಿಲ್ವರ್ ಓಕ್ ನೆರಳಿನ ತಂಪು ಯಾವುದರದ್ದು?"

ಚಿಕೋರಿ ಗುಜರಾತಿನ ಬಯಲುಸೀಮೆಯ ಒಂದು ಬೇರು. ಅದಕ್ಕೂ ನಾಲ್ಕು ಸಾವಿರ ಅಡಿಗೂ ಯಾವ ಜನ್ಮದ ಸಂಬಂಧವೂ ಇಲ್ಲ. ಓಂಕಾರಮೂರ್ತಿಯವರು ಶಾಲನ್ನು ತೆಗೆದು ಮಡಚಿಟ್ಟರು. ತಾವೂ ಅದನ್ನು ಕುಡಿದು ತಲೆಯಾಡಿಸಿದ್ದು ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು. ಮೂವತ್ತು ವರ್ಷದ ಮೂಗು, ಮೂವತ್ತು ವರ್ಷದ ನಾಲಿಗೆ, ಎಂಟೇ ದಿನದಲ್ಲಿ ಕೈಕೊಟ್ಟಿದ್ದವು.

ಮರುದಿನ ಬೆಳಿಗ್ಗೆ ಅವರು ಸಂಘದ ಆಫೀಸಿಗೆ ಹೋದರು. ಬೋರ್ಡಿನ ಮೇಲಿನ ಅಷ್ಟು ದೊಡ್ಡ 'ಶುದ್ಧ'ದ ಕೆಳಗೆ ಕೂತು ವ್ಯಾಪಾರ ಮಾಡಬೇಕಾದರೆ ನಿಜ ಹೇಳದೆ ಬೇರೆ ದಾರಿಯಿರಲಿಲ್ಲ. (ಅವರ ಬೇರೆ ದೋಷಗಳೇನೇ ಇರಲಿ, ಅಳತೆಯಲ್ಲಿ ಮೋಸ ಮಾಡಿದವರಲ್ಲ.)

"ಸರ್, ನಿನ್ನೆ ಚೀಲ ಅದಲುಬದಲಾಯ್ತು. ನೀವು ಕುಡಿದಿದ್ದು ಬಸ್ ಸ್ಟ್ಯಾಂಡ್ ಕ್ಯಾಂಟೀನಿನ ಪುಡಿ. ಅರ್ಧ ಚಿಕೋರಿ."

ಸುರೇಂದ್ರ ಅವರು ಅವರನ್ನೇ ಒಂದು ಗಳಿಗೆ ನೋಡಿ, ಹೊಟ್ಟೆ ಕುಣಿಸಿ ನಕ್ಕರು.

"ಅಲ್ಲ ಮೂರ್ತಿಗಳೇ, ನಮ್ಮ ಅಜ್ಜನ ಕಾಲದಿಂದ ಕಾಫಿ ಬೆಳೆದೋರು ನಾವು. ಚಿಕೋರಿ ಆಗಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗಲಿಲ್ಲ ಸರ್. ನಂಗೂ ಗೊತ್ತಾಗಲಿಲ್ಲ."

ಸುರೇಂದ್ರ ಅವರ ನಗು ನಿಂತಿತು. ಅವರು ಓಂಕಾರಮೂರ್ತಿಯವರ ಮುಖವನ್ನು, ಕಣ್ಣಿನ ಕೆಳಗಿನ ಕಪ್ಪನ್ನು, ಊದಿದ ರೆಪ್ಪೆಯನ್ನು ಮರುಕದಿಂದ ಪರೀಕ್ಷಿಸಿದರು.

"ದಿನಕ್ಕೆ ಎಷ್ಟು ಗಂಟೆ ಮಲಗ್ತೀರಿ ನೀವು?"

"ನಾಲ್ಕು."

"ಅದಕ್ಕೇ ಮತ್ತೆ! ನಿದ್ದೆ ಕೆಟ್ಟ ತಲೆ ಏನೇನೋ ಹೇಳುತ್ತೆ. ಹೋಗಿ ಚೆನ್ನಾಗಿ ಮಲಗಿ ಮಾರಾಯ್ರೇ. ಎದ್ಮೇಲೆ ಆ ಮೂವತ್ತೆರಡು ಮನೆಗೂ ನಿನ್ನೆಯ ಪ್ಯೂರ್ ಪುಡೀನೇ ಕಳ್ಸಿ. ಒಂಚೂರು ವ್ಯತ್ಯಾಸ ಆದ್ರೂ ನಮ್ಮ ನಾಲಿಗೆಗೆ ಗೊತ್ತಾಗುತ್ತೆ, ನೆನಪಿರಲಿ."

ಅಂದು ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯ ಶಟರ್ ಕೆಳಗಿಳಿಯಿತು. ಎದುರಿನ ಅಂಗಡಿಯವರು ಹೊರಬಂದು ನಿಂತು ನೋಡಿದರು. ಕ್ಯಾಂಟೀನಿನಿಂದ ಲಕ್ಕಯ್ಯ ಇಣುಕಿದ. ಓಂಕಾರಮೂರ್ತಿಯವರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿ, ತಮಗಾಗಿ ಹಾಸಿದ್ದ ಮಂಚದ ಮೇಲೆ ಅಂಗಾತ ಮಲಗಿ, ಗಲ್ಲದವರೆಗೆ ಕಂಬಳಿ ಎಳೆದುಕೊಂಡು, ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ತೆರೆದುಕೊಂಡಿತು.

ಮೂವತ್ತೆರಡು ಮನೆಗೆ ನಿಜವಾದ ಪ್ಯೂರ್ ಕಳುಹಿಸಿದರೆ ಕಲಬೆರಕೆ ಎನ್ನುತ್ತಾರೆ. ಚಿಕೋರಿ ಬೆರೆಸಿ ಪ್ಯೂರ್ ಎಂದು ಕಳುಹಿಸಿದರೆ ಅದು ಹಗಲು ಮೋಸ. ಚಿಕೋರಿಯೆಂದು ಹೇಳಿಯೇ ಕಳುಹಿಸಿದರೆ ಇವನಿಗೆ ನಿದ್ದೆಗೆಟ್ಟಿದೆ ಎನ್ನುತ್ತಾರೆ. ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು. ಎಂಟು ದಿನ ರೆಪ್ಪೆಗೆ ಜೋತುಬಿದ್ದು ಪೀಡಿಸಿದ ನಿದ್ದೆ, ಬಾ ಎಂದು ಹಾಸಿಗೆ ಹಾಸಿ ಕರೆದರೆ ಈಗ ಅತ್ತ ಸುಳಿಯಲಿಲ್ಲ.

"ನಾಗಶ್ರೀ."

"ಹ್ಞೂಂ."

"ನಿದ್ದೆ ಬರ್ತಿಲ್ಲ ಕಣೇ. ಹೆಂಗೆ ಮಾಡ್ತೀರಿ ಇದನ್ನ?"

"ಸುಮ್ನೆ ಮಲ್ಕೊಳ್ಳಿ. ಅದಾಗೇ ಬರುತ್ತೆ."

ಸುಮ್ಮನೆ ಮಲಗಿದರು. ಬರಲಿಲ್ಲ. ಮನಸ್ಸನ್ನು ಬೇರೆಡೆಗೆ ತಿರುಗಿಸೋಣವೆಂದು ತಮ್ಮ ನೂರನಲವತ್ತು ಮನೆಗಳ ಅಳತೆಯನ್ನು ಒಂದೊಂದಾಗಿ ನೆನೆಯತೊಡಗಿದರು. ಪೇಟೆಯ ಮನೆಗಳು ಮುಗಿದವು. ಗುಡ್ಡದ ಕಡೆಗೆ ತಿರುಗಿದವರು ಮೊದಲನೆಯ ಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಎಷ್ಟು ತಿಣುಕಿದರೂ ಮುಂದಕ್ಕೆ ಹೋಗಲಿಲ್ಲ.

"ನಾಗಶ್ರೀ," ಎಂದರು, ಪಿಸುದನಿಯಲ್ಲಿ. "ಶಿವಗಂಗಮ್ಮನವರ ಮನೆಗೆ ಎಷ್ಟೇ?"

ಪಕ್ಕದ ಮಂಚದಲ್ಲಿ ಗೊರಕೆ ಶುರುವಾಗಿತ್ತು. ಅದು ಒಂದು ಕ್ಷಣ ನಿಂತಿತು.

"ಹದಿನೆಂಟು," ಎಂದಳು ನಾಗಶ್ರೀ, ಕಣ್ಣನ್ನೂ ತೆರೆಯದೆ, ಮತ್ತು ಗೋಡೆಯ ಕಡೆ ಹೊರಳಿ ಗೊರಕೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದಳು.